ಬಂಡೆಯೊಳಗಿನ ಜೇಡಿ

ಸತ್ತವರೂ ಸೇಡು ತೀರಿಸಿಕೊಳ್ಳುತ್ತಾರೆ ಎನ್ನುವವರನ್ನು ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಎಣ್ಣೆ ಬಾವಿ ಕೊರೆಯುವ ಕೆಲಸದಲ್ಲಿದ್ದವನು ನಾನು. ನೆಲದಡಿ ಕಲ್ಲು, ಮಣ್ಣು ಬಿಟ್ಟರೆ ಇನ್ನೇನೂ ಇಲ್ಲವೆಂದೇ ನಂಬಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಗುಜರಾತಿನಲ್ಲಿ ನಾನೂ ನನ್ನ ತಮ್ಮ ನಾಗರಾಜನೂ ಒಂದೇ ರಿಗ್ಗಿನಲ್ಲಿದ್ದೆವು. ಅಲ್ಲಿ ಆಳದಲ್ಲಿ ಶೇಲ್ ಎಂಬ ಬೂದುಬಣ್ಣದ ಜೇಡಿಗಲ್ಲು ಸಿಗುತ್ತದೆ. ಬಾವಿಗೆ ಬಿಡುವ ಕೆಸರುನೀರನ್ನು ಕುಡಿದರೆ ಅದು ಉಬ್ಬಿ ಕೊಳವೆಯನ್ನು ಹಿಡಿದುಬಿಡುತ್ತದೆ. ಹಾಗಾಗದಿರಲೆಂದು ಆ ನೀರಿಗೆ ಪೊಟ್ಯಾಷ್ ಉಪ್ಪು ಬೆರೆಸುತ್ತಾರೆ. ನಮ್ಮ ಕಡೆ ಕಡಲೆಕಾಯಿ ಬೆಳೆಗೆ ಹಾಕುತ್ತೇವಲ್ಲ, ಅದೇ ಪೊಟ್ಯಾಷ್. ನಮ್ಮ ಮೇಲ್ವಿಚಾರಕ ಮಧುಗಿರಿ ಕಡೆಯ ಚಂದ್ರಪ್ಪ. ಖರ್ಚು ಉಳಿಸಿ ಹೆಸರು ಮಾಡಲು ಹೋಗಿ ಅವನು ಉಪ್ಪು ಕಡಿಮೆ ಮಾಡಿಸಿದ. ಕೊಳವೆ ಸಿಕ್ಕಿಕೊಂಡಾಗ ಜೋರಾಗಿ ಎಳೆಯಿರೆಂದು ಕೂಗಿದ. ತಂತಿಹಗ್ಗ ಹರಿದು ತಮ್ಮನಿಗೆ ಬಡಿಯಿತು, ಅಲ್ಲೇ ಹೋದ. ಉಪ್ಪು ಬೆರೆಸದೆ ಮೈಗಳ್ಳತನ ಮಾಡಿದವನು ನಾಗರಾಜನೇ ಎಂದು ಚಂದ್ರಪ್ಪ ಹೆಣದ ಮುಂದೆಯೇ, ಅಲ್ಲಿಗೆ ಓಡಿಬಂದಿದ್ದ ನಮ್ಮವ್ವನಿಗೆ ಹೇಳಿದ. ಹಾಗಲ್ಲವೆಂದು ನಾನು ಹೇಳಿದರೆ ಕೇಳುವವರಿರಲಿಲ್ಲ. ಅವನ ಬಾಯಿಂದಲೇ ನಿಜ ಹೊರಡಿಸಬೇಕು ಎಂಬುದೊಂದೇ ಅಂದಿನಿಂದ ನನ್ನ ಆಸೆ.

ವರ್ಷಗಳ ಮೇಲೆ ನಾನು ಕೆಲಸ ಬಿಟ್ಟು ಪಾವಗಡ ಕಡೆಯ ನಮ್ಮೂರು ವಳ್ಳೂರಿಗೆ ಮರಳಿದ್ದೆ. ನಿವೃತ್ತನಾದ ಅವನು ಅಲ್ಲಿ ನಮ್ಮ ಹೊಲದ ಪಕ್ಕದ ಜಮೀನನ್ನೇ ಕೊಂಡ. ಗೊತ್ತಿದ್ದು ಕೊಂಡನೋ ಗೊತ್ತಿಲ್ಲದೆಯೋ, ನಾನರಿಯೆ. ಊರಾಚೆಯ ಸೋಲಾರ್ ಪಾರ್ಕಿನ ಪ್ಲೇಟುಗಳ ಸಾಲು ಮುಗಿಯುವ ಕಡೆ ಬೋರ್ ಕೊರೆಸಿದ. ನಮ್ಮಲ್ಲಿ ಎಲ್ಲಿ ಕೊರೆದರೂ ಬಂಡೆ. ಬಿಳಿ ಪುಡಿ ಬಿಟ್ಟರೆ ಬೇರೇನೂ ಏಳುವುದಿಲ್ಲ. ಮಧ್ಯಾಹ್ನದವರೆಗೆ ಹಾಗೆಯೇ ಇತ್ತು. ಆಮೇಲೆ ಪುಡಿ ನಿಂತು ಬೂದುಬಣ್ಣದ ಜೇಡಿ ಉಕ್ಕಿತು, ಕೊರೆಯುವ ಕಬ್ಬಿಣದ ರಾಡು ಸಿಕ್ಕಿಕೊಂಡಿತು. ನಾನು ಬದು ದಾಟಿ ಹೋಗಿ ಒಂದು ಹಿಡಿ ಎತ್ತಿ ಮೂಸಿದೆ. ಕಚ್ಚಾ ಎಣ್ಣೆಯ ವಾಸನೆ. ನೀರು ಹನಿಸಿದರೆ ಅಂಗೈಯಲ್ಲೇ ಉಬ್ಬತೊಡಗಿತು.

"ಇಲ್ಲೆಲ್ಲಾ ನಾವೇ ಕೊರ್ದಿರಾದು. ಇಂಗೆ ಯಾವತ್ತೂ ಆಗಿಲ್ಲ" ಎಂದ ಬೋರ್ ಲಾರಿಯ ಡ್ರೈವರ್.

"ಜೋರಾಗಿ ಎಳೀರ್ಲಾ" ಎಂದ ಚಂದ್ರಪ್ಪ, ನನ್ನ ಮುಖ ನೋಡಿ ಕೈ ಅಡ್ಡ ಹಿಡಿದು ಅವರನ್ನು ತಡೆದ. ಅವನಿಗೂ ಆ ಮಣ್ಣಿನ ಗುರುತು ಹತ್ತಿತ್ತು. ಆಮೇಲೆ ಮೆತ್ತಗೆ ಕೇಳಿದ: "ನಿನ್ ತಾವ ಪೊಟ್ಯಾಷ್ ಐತೇನಪ್ಪ?"

"ಐತೆ. ಅದ್ಯಾಕೆ ಬೇಕು ಅಂತ ಮೊದ್ಲು ನಮ್ಮವ್ವಂಗೆ ಹೇಳಿ" ಎಂದೆ.

ಅವ್ವ ಹೊಲದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಅವನು ಬೆವರು ಒರೆಸಿಕೊಳ್ಳುತ್ತ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಅವತ್ತು ಉಪ್ಪು ಕಮ್ಮಿ ಮಾಡ್ಸಿದ್ದು ನಾನೇ ಕಣಮ್ಮ. ನಿನ್ ಮಗಂದೇನೂ ತಪ್ಪಿಲ್ಲ."

ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಅವನು ಇನ್ನಷ್ಟು ಹೊತ್ತು ಹಾಗೇ ಕೂತಿರಲಿ ಅನ್ನಿಸಿತು. ಅವ್ವ ಕೈಯ ಮಣ್ಣು ಕೊಡವಿ ನನ್ನತ್ತ ತಿರುಗಿದಳು.

"ಕೊಡಬ್ಯಾಡ ಕಣ್ಲಾ" ಎಂದಳು.

ಕೊಡಲಿಲ್ಲ. ರಾಡುಗಳನ್ನು ನೆಲದೊಳಗೇ ಬಿಟ್ಟು ಲಾರಿ ಹೋಯಿತು. ನಷ್ಟವೆಲ್ಲ ಚಂದ್ರಪ್ಪನ ತಲೆಗೇ ಬಂತು. ಅವನು ಜಮೀನು ಮಾರಿಕೊಂಡು ಹೋದ. ಕೊಂಡವರು ಅದರ ಮಗ್ಗುಲಲ್ಲೇ ಇನ್ನೊಂದು ಬೋರ್ ಕೊರೆಸಿದರು. ಬರಿ ಬಂಡೆ, ಬರಿ ಬಿಳಿ ಪುಡಿ. ತಿಳಿದವರನ್ನೆಲ್ಲ ಕೇಳಿದೆ. ಪಾವಗಡದ ನೆಲದಲ್ಲಿ ಆ ಕಲ್ಲು ಇರಲು ಸಾಧ್ಯವೇ ಇಲ್ಲ ಎಂದರು. ಬೇರೆಯವರು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅದನ್ನು ನನ್ನ ಕೈಯಲ್ಲಿ ಹಿಡಿದಿದ್ದೆನಲ್ಲ.

ಅವ್ವ ಮಾತ್ರ ಆ ಜೇಡಿ ಹೇಗೆ ಬಂತೆಂದು ಒಮ್ಮೆಯೂ ಕೇಳಿಲ್ಲ. ನಾನು ಹೊಲಕ್ಕೆ ಹೋಗಿ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಾಳೆ: "ಅವನ ಕಬ್ಬಿಣ ಇನ್ನೂ ಒಳಗೇ ಐತಾ?"

"ಐತವ್ವ" ಅನ್ನುತ್ತೇನೆ.