ಅತ್ತೆ ಬಾಯಿ ಮುಚ್ಚಿಸಿದ ರಬ್ಬರ್ ಬುಷ್

ಆ ಫೋಟೋ ನೋಡಿ ಕೇಳಿದ್ಯಲ್ಲ, ಸ್ಕೂಲ್ ವ್ಯಾನೊಳಗೆ ಎರಡೂ ಕೈಯಿಂದ ಬಾಯಿ ಮುಚ್ಕೊಂಡು ಕೂತಿರೋ ಹೆಂಗಸು ಯಾರು ಅಂತ? ನಮ್ಮತ್ತೆ ಕಣೆ. ಅಪ್ಪನ ತಂಗಿ. ಇದನ್ನೆಲ್ಲ ಟೈಪ್ ಮಾಡ್ತಾ ಕೂತ್ರೆ ನನ್ ಬೆರಳು ಸವೆದುಹೋಗುತ್ತೆ, ಬಾಯಲ್ಲೇ ಹೇಳ್ತೀನಿ ಕೇಳು.

ಮೊದಲು ಅತ್ತೆ ಬಾಯಿ ಬಗ್ಗೆ ಗೊತ್ತಿರ್ಬೇಕು ನಿನಗೆ. ಹಲ್ಲುಜ್ಜುವಾಗ್ಲೂ ಮಾತಾಡ್ತಾಳೆ. ಬ್ರಶ್ ಬಾಯೊಳಗೇ ಇರುತ್ತೆ, ಮಾತು ಪಕ್ಕದಿಂದ ಬರ್ತಿರುತ್ತೆ. "ದೇವರು ನಿಮ್ಮತ್ತೆಗೆ ಆನ್ ಸ್ವಿಚ್ ಮಾತ್ರ ಕೊಟ್ಟಿದಾನೆ" ಅಂತಾಳೆ ಅಮ್ಮ. ಆದ್ರೆ ಬೇರೆ ಯಾವುದೇ ವಸ್ತು ಸದ್ದು ಮಾಡಂಗಿಲ್ಲ! ಬಾಗಿಲು ಕಿರ್ ಅಂದ್ರೆ ಎಣ್ಣೆ ಬಾಟ್ಲಿ ಹಿಡ್ಕೊಂಡು ಓಡ್ತಾಳೆ. ಕುರ್ಚಿ ಕಟಕಟ ಅಂದ್ರೆ ಅದರ ಕಾಲಿಗೆ ಹಳೇ ಟ್ಯೂಬಿನ ತುಂಡು ಕಟ್ತಾಳೆ.

ಅವಳು ತುಂಬಾ ವರ್ಷ ಟೈಲರ್ ಅಂಗಡಿಲಿ ಹೊಲೀತಿದ್ಲು. ಆ ಅಂಗಡಿ ಮುಚ್ಚಿದ್ಮೇಲೆ ನಮ್ಮನೆ ಕೆಳಗಿರೋ ಅಪ್ಪನ ಗ್ಯಾರೇಜಿಗೇ ಮಿಷಿನ್ ತಂದಿಟ್ಕೊಂಡು ಸೀಟ್ ಕವರ್ ಹೊಲಿಯೋಕೆ ಶುರು ಮಾಡಿದ್ಲು. ಕಾಲು ಮಿಷಿನ್ ಮೇಲೆ, ಕಣ್ಣು ಅಪ್ಪನ ಕೈ ಮೇಲೆ. "ಅಣ್ಣ, ಅದೇನದು? ಇದ್ಯಾಕೆ ಹೀಗೆ?" ತಲೆ ತಿನ್ನೋದು ತಡೆಯೋಕಾಗ್ದೆ ಅಪ್ಪ ಅವಳನ್ನ ಬ್ರೇಕ್ ಕೆಲಸಕ್ಕೆ ಹಾಕ್ಕೊಂಡ. ಅಲ್ಲಿ ಅವಳ ಮನಸ್ಸು ಕದ್ದಿದ್ದು ಒಂದು ಪುಟಾಣಿ ರಬ್ಬರ್.

ಚಕ್ರದ ಜೊತೆ ಒಂದು ತಟ್ಟೆ ತಿರುಗ್ತಿರುತ್ತಲ್ಲ, ಬ್ರೇಕ್ ಒತ್ತಿದ್ರೆ ಅದನ್ನ ಎರಡೂ ಕಡೆಯಿಂದ ಅದುಮಿ ಹಿಡಿಯೋದು ಕ್ಯಾಲಿಪರ್. ಅದು ಎರಡು ಪಿನ್ ಮೇಲೆ ಹಿಂದೆ ಮುಂದೆ ಜಾರ್ತಾ ಇರ್ಬೇಕು. ಕೆಲವು ಗಾಡಿಗಳಲ್ಲಿ ಒಂದು ಪಿನ್ನಿನ ತುದಿಗೆ ಉಗುರಿನಷ್ಟು ರಬ್ಬರ್ ಬುಷ್ ಇರುತ್ತೆ. ಅದು ಸವೆದ್ರೆ ಪಿನ್ ತೂತೊಳಗೆ ಬಡ್ಕೊಳ್ಳೋಕೆ ಶುರು. ಅತ್ತೆ ಅದನ್ನ ಬುಷ್ ಅಂತಾನೇ ಅನ್ನಲ್ಲ, ಚಪ್ಪಲಿ ಅಂತಾಳೆ. "ಒಂದು ಬರಿಗಾಲ ಪಿನ್ನು, ಇನ್ನೊಂದು ಚಪ್ಪಲಿ ಹಾಕಿರೋ ಪಿನ್ನು. ಚಪ್ಪಲಿ ಕಿತ್ತೋದ್ರೆ ಗಲಾಟೆ ಮಾಡದೆ ಇನ್ನೇನು ಮಾಡುತ್ತೆ ಪಾಪ?"

ಅಪ್ಪ ಮಂಡಿನೋವು ಅಂತ ಮಹಡಿ ಮೇಲೆ ಮಲಗಿದ್ದ ವಾರ, ವ್ಯಾನ್ ತಾತ ಬಂದ್ರು. ನಮ್ಮ ಬೀದಿ ಮಕ್ಕಳನ್ನ ಸ್ಕೂಲಿಗೆ ಕರ್ಕೊಂಡು ಹೋಗೋರು.

"ಗುಂಡಿ ಬಂದಾಗೆಲ್ಲ ಮುಂದಿನ ಚಕ್ರದಲ್ಲಿ ಕಟಕಟ ಕಣಮ್ಮ. ಮಕ್ಕಳು ಅದನ್ನೇ ತಾಳ ಮಾಡ್ಕೊಂಡು ಹಾಡ್ತವೆ. ನನ್ ತಲೆ ಸಿಡಿದು ಹೋಗ್ತಿದೆ."

ಅತ್ತೆ ಮೊದಲನೇ ಸಲ ಒಬ್ಬಳೇ ಕ್ಯಾಲಿಪರ್ ಬಿಚ್ಚಿದ್ಲು. ಬುಷ್ ಚೂರುಚೂರಾಗಿತ್ತು. ತೂತು ತೊಳೆದು, ಪಿನ್ ಒರೆಸಿ, ಹೊಸ ಬುಷ್ ಹಾಕಿದ್ಲು, ಎಲ್ಲಾ ಸರಿ. ಗ್ರೀಸ್ ಹಚ್ಬೇಕು ನೋಡು, ಅದಕ್ಕೇ ಅಂತ ಅಪ್ಪ ಇಟ್ಟಿದ್ದ ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬ್ ಖಾಲಿ. ಪಕ್ಕದಲ್ಲೇ ಬೇರಿಂಗಿಗೆ ಹಾಕೋ ಗ್ರೀಸಿನ ದೊಡ್ಡ ಡಬ್ಬ. ಗ್ರೀಸ್ ಅಂದ್ರೆ ಗ್ರೀಸು, ಅಲ್ವಾ? ಹೊಲಿಗೆ ಮಿಷಿನ್ನಿಗೆ ಯಾವ ಎಣ್ಣೆ ಬಿಟ್ರೂ ಓಡ್ತಿತ್ತು. ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗೆ ಬಳಿದ್ಲು. ಸದ್ದು ಮಾಯ! ಅದೇ ಖುಷೀಲಿ ಇನ್ನೆರಡು ಗಾಡಿಗೂ ಅದನ್ನೇ ಮಾಡಿದ್ಲು: ಬೇಕರಿಯವನ ವ್ಯಾನು, ಆಮೇಲೆ ಮೂಲೆ ಮನೆ ಹಲ್ಲಿನ ಡಾಕ್ಟರಮ್ಮನ ಕಾರು.

ಕೆಲವು ದಿನ ಆದ್ಮೇಲೆ ತಾತ ವ್ಯಾನನ್ನ ಆಮೆ ಥರ ನಡೆಸ್ಕೊಂಡು ಬಂದ್ರು. ಚಕ್ರದ ಹತ್ರ ಸುಟ್ಟ ವಾಸನೆ, ಹತ್ತಿರ ಕೈ ತಂದ್ರೇನೇ ಕಾವು ಹೊಡೀತಿತ್ತು. ಒಳಗೆ ಬುಷ್ ಊದ್ಕೊಂಡು ಪಿನ್ ತೂತಲ್ಲೇ ಸಿಕ್ಕಾಕ್ಕೊಂಡಿತ್ತು. ಬ್ರೇಕ್ ಹಿಡಿದಿದ್ದು ಬಿಟ್ಟೇ ಇರ್ಲಿಲ್ಲ.

"ಇದು ಮಕ್ಕಳು ಕೂರೋ ಗಾಡಿ ಕಣಮ್ಮ" ಅಂದ್ರು ತಾತ. ಅಷ್ಟೇ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಅಪ್ಪ ಕುಂಟ್ಕೊಂಡು ಇಳಿದು ಬಂದು, ಬುಷ್ ಕಿತ್ತು, ಮೂಸಿ ನೋಡಿ, ದೊಡ್ಡ ಡಬ್ಬದ ಕಡೆ ತಿರುಗಿದ. "ಆ ಗ್ರೀಸು ಈ ರಬ್ಬರಿಗೆ ಆಗಲ್ಲ ಅಂತ ಹೇಳಿರ್ಲಿಲ್ವಾ?"

"ನೀನು ಹೇಳಿದ್ದೆ ಅಣ್ಣ. ನಾನು ಆಗ ಮಾತಾಡ್ತಿದ್ದೆ ಅನ್ಸುತ್ತೆ."

ನನಗೆ ನಗು ಬಂತು, ನುಂಗ್ಕೊಂಡೆ. ಅಪ್ಪ ನಗಲಿಲ್ಲ. "ಇನ್ಮೇಲೆ ಬ್ರೇಕ್ ಮುಟ್ಬೇಡ. ಸೀಟ್ ಕವರ್ ಹೊಲ್ಕೊಂಡಿರು." ಪಕ್ಕದ ಗ್ಯಾರೇಜಿಂದ ಒಂಚೂರು ಸಿಲಿಕೋನ್ ಗ್ರೀಸ್ ಇಸ್ಕೊಂಡು ತಾತನ ವ್ಯಾನನ್ನ ತಾನೇ ಸರಿ ಮಾಡ್ಕೊಟ್ಟ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆದು ಒಂದು ಮಾತಿಲ್ಲ. ಗಡಿಯಾರದ ಟಿಕ್ ಟಿಕ್ ಕೇಳಿಸ್ತಿತ್ತು ಕಣೆ ನಮ್ಮನೇಲಿ! ಅಮ್ಮ ಗಾಬರಿಯಾಗಿ ಹಣೆ ಮುಟ್ಟಿ ನೋಡಿದ್ಲು. ಬೇರೆ ಏನು ಹೋದ್ರೂ ತಡ್ಕೊಳ್ತಿದ್ಲೇನೋ, ಆ ಚಪ್ಪಲಿ ಕೆಲಸ ಕೈ ತಪ್ಪಿದ್ದು ತಡ್ಕೊಳ್ಳೋಕೆ ಆಗ್ಲಿಲ್ಲ ಅವಳಿಗೆ.

ಬೆಳಿಗ್ಗೆ ನೋಡಿದ್ರೆ ಮೆಟ್ಟಿಲ ಹತ್ರ ಚೀಲ ಹಿಡ್ಕೊಂಡು ನಿಂತಿದಾಳೆ. ಒಳಗೆ ಸ್ಪ್ಯಾನರು, ಹೊಸ ಬುಷ್‌ಗಳು, ಅಂಗಡಿ ತೆಗೆಯೋದನ್ನೇ ಕಾದು ತಂದಿದ್ದ ಸಿಲಿಕೋನ್ ಟ್ಯೂಬು.

"ಎಲ್ಲಿಗೆ?" ಅಂದ ಅಪ್ಪ.

"ಇನ್ನೂ ಎರಡು ಗಾಡಿ ಇದೆ ಅಣ್ಣ. ಅವಕ್ಕೂ ಅದನ್ನೇ ಹಚ್ಚಿದೀನಿ."

"ಅವರು ಕಂಪ್ಲೇಂಟ್ ಮಾಡಿಲ್ಲ. ನಾನೇ ಏನಾದ್ರೂ ನೆಪ ಹೇಳಿ ಕರೆಸಿ ನೋಡ್ತೀನಿ. ನೀನೇ ಹೋಗಿ ಬೀದಿಲಿ ಡಂಗುರ ಹೊಡೀತೀಯಾ? ಗ್ಯಾರೇಜ್ ಮಾನ ಏನಾಗ್ಬೇಕು?"

"ನೀನು ನೆಪ ಹುಡುಕೋ ಅಷ್ಟರಲ್ಲಿ ಅವರ ಚಕ್ರ ಬಿಸಿಯಾಗಿರುತ್ತೆ. ಮುಟ್ಬೇಡ ಅಂದಿದ್ದು ಇವತ್ತಿಂದ ಹೊಸ ಗಾಡಿಗೆ. ಇದು ಹಳೇ ಬಾಕಿ." ಹೊರಟೇಬಿಟ್ಲು. ನಾನು ಜ್ಯಾಕ್ ಹೊತ್ಕೊಂಡು ಹಿಂದೆ.

ಬೇಕರಿ ಮುಂದೆ ರಸ್ತೆ ಪಕ್ಕದಲ್ಲೇ ಗೋಣಿಚೀಲ ಹಾಸ್ಕೊಂಡು ಕೂತ್ಲು. "ನಂದೇ ತಪ್ಪು ಕಣಪ್ಪ, ತಪ್ಪು ಗ್ರೀಸ್ ಹಚ್ಚಿದೀನಿ, ಈಗ್ಲೇ ಬದಲಾಯಿಸ್ತೀನಿ" ಅಂದ್ಲು. ಅವನು ಮುಖ ಗಂಟು ಹಾಕ್ಕೊಂಡ. "ಬ್ರೆಡ್ ತಣ್ಣಗಾಗ್ತಿದೆ, ಬೇಗ ಮುಗಿಸಿ ಅಕ್ಕಾ." ಬಿಚ್ಚಿದ್ರೆ ಬುಷ್ ಆಗ್ಲೇ ದಪ್ಪಗಾಗೋಕೆ ಶುರುವಾಗಿತ್ತು. ನೋಡಿ ಅವನೇ ಹೋಗಿ ಸ್ಟೂಲ್ ತಂದ್ಕೊಟ್ಟ. ಡಾಕ್ಟರಮ್ಮ ಅಂತೂ ಪೂರ್ತಿ ಕೇಳಿ ಜೋರಾಗಿ ನಕ್ಕುಬಿಟ್ರು. "ದಿನವಿಡೀ ಬಾಯಿ ತೆಗಿಸೋದೇ ನನ್ ಕೆಲಸ. ಕೇಳದೇ ತೆಗೆದೋರು ನೀವೊಬ್ರೇ!"

ರಸ್ತೆ ಆಚೆ ವ್ಯಾನ್ ತಾತ ನಿಂತು ನೋಡ್ತಿದ್ದಿದ್ದು ನಮಗೆ ಗೊತ್ತೇ ಇರ್ಲಿಲ್ಲ.

ಮುಂದಿನ ವಾರ ಗ್ಯಾರೇಜ್ ಮುಂದೆ ಹಾರ್ನು. "ಎಲ್ಲಿದಾಳಮ್ಮ ನಿಮ್ಮನೆ ರೇಡಿಯೋ?" ಅಂದ್ರು ತಾತ. "ಈಗ ಮುಂದಿನ ಇನ್ನೊಂದು ಚಕ್ರ ತಾಳ ಹಾಕ್ತಿದೆ."

ಅಪ್ಪ ಎದ್ದ. "ನಾನು ಮಾಡ್ತೀನಿ ಬನ್ನಿ."

"ನೀನು ಕೂತ್ಕೊಳಪ್ಪ, ಮಂಡಿ ನೋವು. ಕರೆಯದೇ ಮನೆಬಾಗಿಲಿಗೆ ಹೋಗಿ ತಪ್ಪು ಸರಿಮಾಡಿದೋಳು ಅವಳು. ನನ್ ಗಾಡಿಗೆ ಅವಳೇ ಕೈ ಹಾಕ್ಲಿ."

ಅಪ್ಪ ಗಲ್ಲ ಕೆರ್ಕೊಂಡ. ಆಮೇಲೆ ದೊಡ್ಡ ಡಬ್ಬನ ಎತ್ಕೊಂಡು ಹೋಗಿ ಆ ಕಡೆ ಗೋಡೆಯ ಕಪಾಟಲ್ಲಿಟ್ಟ. ಸಣ್ಣ ಟ್ಯೂಬನ್ನ ತಂದು ಹೊಲಿಗೆ ಮಿಷಿನ್ ಪಕ್ಕ ಇಟ್ಟ.

ಅತ್ತೆ ಕೆಲಸ ಮುಗಿಸಿ ಪಿನ್ನನ್ನ ಕೈಯಲ್ಲೇ ಒಳಗೆ ಹೊರಗೆ ಜಾರಿಸಿ ನೋಡಿದ್ಲು, ಅಪ್ಪನಿಗೂ ಜಾರಿಸೋಕೆ ಕೊಟ್ಲು. ಆಮೇಲೆ ಖಾಲಿ ವ್ಯಾನಲ್ಲಿ ಟ್ರಯಲ್. ತಾತ ಬೇಕಂತಾನೇ ಗುಂಡಿ ಇರೋ ರಸ್ತೆಗೇ ತಿರುಗಿಸಿದ್ರು. ಕಟಕಟ ಕೇಳಿಸ್ಬೇಕಂದ್ರೆ ಒಳಗೆ ಮೌನ ಇರ್ಬೇಕಲ್ಲ? ಅತ್ತೆ ಎರಡೂ ಕೈಯಿಂದ ಬಾಯಿ ಅದುಮಿ ಹಿಡ್ಕೊಂಡ್ಲು. ಆಗ್ಲೇ ನಾನು ಫೋಟೋ ಹೊಡೆದಿದ್ದು. ಒಂದು ಗುಂಡಿ ಹೋಯ್ತು. ಇನ್ನೊಂದು, ದೊಡ್ಡದು. ನನ್ ತಲೆ ಮೇಲ್ಗಡೆ ತಗಡಿಗೆ ಹೊಡೀತು, ಆದ್ರೆ ಚಕ್ರ ಗಪ್‌ಚುಪ್. ತಾತ ಗಾಡಿ ನಿಲ್ಸಿ, ಇಳಿದು ಚಕ್ರದ ಹತ್ರ ಕೈ ಹಿಡಿದು ಕಾವು ನೋಡಿದ್ರು. ಇನ್ನೊಂದು ಚಕ್ರದ ಹತ್ರಾನೂ ಹಿಡಿದು ನೋಡಿದ್ರು. ವಾಪಸ್ ಬಂದು ಕೂತು ಕನ್ನಡಿಲಿ ಅತ್ತೆನ ನೋಡಿದ್ರು.

"ನಾಳೆಯಿಂದ ಮಕ್ಕಳಿಗೆ ತಾಳ ಇಲ್ಲ" ಅಂದ್ರು. "ಕೈ ತೆಗಿಯಮ್ಮ. ಈಗ ಮಾತಾಡು, ಪರವಾಗಿಲ್ಲ."

ಮನೆ ಮುಟ್ಟೋವರೆಗೂ ನಿಲ್ಲಿಸ್ಲಿಲ್ಲ ಕಣೆ ಅವಳು.