ರಶೀದಾ ಆಪಾನ ರೊಟ್ಟಿ ನುಚ್ಚು

ಇವತ್ತು ಬೆಳಿಗ್ಗೆ ಎಂದಿನಂತೆ ಹಾಲಿನ ಸಿದ್ದಪ್ಪ ಬಾಗಿಲಲ್ಲಿ ನಿಂತು "ಹಾಲ್ರೀ ವೈನಿ" ಅಂದ. ಎರಡು ಲೀಟರ್ ಹಾಕಿಸಿಕೊಂಡು ಒಲೆಯ ಮೇಲಿಟ್ಟು, ಉಕ್ಕುವ ತನಕ ಅಲ್ಲೇ ನಿಂತೆ. ನಳದ ನೀರು ಬರುವ ದಿನ ಬೇರೆ. ಕೊಡ, ಬಕೆಟ್ಟು, ಹಂಡೆ ಎಲ್ಲ ತುಂಬಿದ್ದಾಯಿತು, ನಾಕು ರೊಟ್ಟಿ ಬಡಿದದ್ದಾಯಿತು, ಇವರು ನಾಷ್ಟಾ ಮುಗಿಸಿ ಕಚೇರಿಗೆ ಹೋದದ್ದೂ ಆಯಿತು. ಆಮೇಲೆ ಹಪ್ಪಳದ ಡಬ್ಬಿ ಇಳಿಸಲು ಸ್ಟೂಲು ಹತ್ತಿದೆ. ಡಬ್ಬಿಯ ಹಿಂದೆ ಕೈಗೆ ಏನೋ ತಗುಲಿತು. ಇಟ್ಟಂಗಿಯ ಚೂರು ಅಂದುಕೊಂಡೆ, ಅಷ್ಟು ಗಟ್ಟಿ.

ಇಟ್ಟಂಗಿ ಅಲ್ಲ. ಗಾಳಿ ತೆಗೆದು ಮುಚ್ಚಿದ ಪ್ಲಾಸ್ಟಿಕ್ ಪ್ಯಾಕೆಟ್. ಮೇಲೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಕರಿಹಲಗೆಯ ಮೇಲೆ ಬರೆದಂಥ ದುಂಡಗಿನ ಅಕ್ಷರ: "ರೊಟ್ಟಿ ನುಚ್ಚು, ಮೆಂತ್ಯ, ಬಳ್ಳೊಳ್ಳಿ ಖಾರ. ಕುದಿಯುವ ನೀರು ಎರಡು ವಾಟಗ. ಇಬ್ಬರಿಗೆ."

ಅಕ್ಷರ ಬಾಜೂ ಮನೆಯ ರಶೀದಾ ಆಪಾನದು. ಓಣಿಗೆಲ್ಲ ಅಕ್ಕನಾಗಿದ್ದ ಅವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಪ್ಯಾಕೆಟ್ ಮಾತ್ರ ಒಂದು ಎಳೆಯಷ್ಟೂ ಸಡಿಲಾಗಿರಲಿಲ್ಲ.

ನಮ್ಮ ಓಣಿಯಲ್ಲಿ ಈಗಲೂ ಒಂದು ಮಾತಿದೆ. "ಒಣಾದು ತಿಂದು ತಿಂದು ಸತ್ಲು." ಅದನ್ನು ಮೊದಲೇ ತಿದ್ದಿಬಿಡುತ್ತೇನೆ. ಆಪಾ ಕಡೆಯ ಸಲ ಉಂಡದ್ದು ತಮ್ಮ ಅಣ್ಣನ ಮಗನ ನಿಶ್ಚಿತಾರ್ಥದ ಬಿರಿಯಾನಿ, ಹೊಗೆಯಾಡುವಂಥದ್ದು. ಉಂಡು, ಮಲಗಿ, ನಿದ್ದೆಯಲ್ಲೇ ಹೋದರು. ಅವರ ತಾಯಿಯೂ ಹಾಗೆಯೇ ಹೋದದ್ದಂತೆ. ಒಣಗಿಸಿದ ಅಡುಗೆ ತಿಂದದ್ದಕ್ಕೆ ಅವರಿಗೆ ಆದದ್ದು ಬೇರೆ. ಅರವತ್ತೊಂದನೆಯ ವಯಸ್ಸಿನಲ್ಲಿ ಹಿಮಾಲಯ ಹತ್ತಿದರು.

ಆಪಾ ತಿರ್ಲಾಪುರದ ಶಾಲೆಯಲ್ಲಿ ಟೀಚರಾಗಿ, ಹೆಡ್‌ ಟೀಚರಾಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅಣ್ಣಿಗೇರಿಯಲ್ಲಿ ನಮ್ಮ ಬಾಜೂ ಮನೆ, ಅಣ್ಣ ಇಬ್ರಾಹಿಂ ಸಾಹೇಬರ ಸಂಸಾರದೊಂದಿಗೆ ಇದ್ದರು. ಸಾಹೇಬರದು ಕಾಳಿನ ವ್ಯಾಪಾರ. ನಿವೃತ್ತಿಯ ವರ್ಷ ಆಪಾ ಹುಬ್ಬಳ್ಳಿಯ ಒಂದು ಚಾರಣದ ಗುಂಪಿಗೆ ಹೆಸರು ಕೊಟ್ಟು ಬಂದರು. ಹತ್ತು ದಿನ ಬೆಟ್ಟದಲ್ಲಿ ನಡೆಯುವುದು, ರಾತ್ರಿ ಡೇರೆಯಲ್ಲಿ ಮಲಗುವುದು.

ಸಾಹೇಬರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವವರೇ ಅಲ್ಲ. ಕಾಳು ಆರಿಸುವವರ ಹಾಗೆ ನಿಧಾನಕ್ಕೆ ಒಂದೊಂದೇ ಮಾತು ಹೆಕ್ಕಿದರು. "ನಿನಗ ಸಕ್ಕರಿ ಬ್ಯಾನಿ ಐತಿ. ಅಲ್ಲಿ ಮೂರು ಹೊತ್ತೂ ಅನ್ನ, ನೂಡಲ್ಸು, ಆಲೂಗಡ್ಡಿ. ಎರಡನೇ ದಿನಕ್ಕ ತಲಿ ತಿರುಗಿ ಬಿದ್ರ ಯಾರು ಹೊತ್ತು ತರಾವ್ರು? ಊಟದ ವ್ಯವಸ್ಥಾ ಆತಂದ್ರ ಹೋಗವಾ, ನಾನೇನು ಬ್ಯಾಡ ಅನ್ನಂಗಿಲ್ಲ."

ಆಗದ ಕೆಲಸ ಅಂದುಕೊಂಡೇ ಆ ಮಾತು ಆಡಿದರು. ನಾನು ಅವತ್ತು ಹೆಪ್ಪಿಗೆ ಮೊಸರು ಕೇಳಲು ಹೋಗಿದ್ದೆ. ಆಪಾ ನನ್ನ ಕಡೆ ತಿರುಗಿದರು. "ಸುಧಾ, ಕೇಳಿದೆಲ್ಲ? ನೀನ ಸಾಕ್ಷಿ."

ತಿಂಗಳೊಪ್ಪತ್ತಿನಲ್ಲಿ ಎರಡು ಮಶೀನು ಬಂದವು. ಒಂದು ಟ್ರಂಕಿನಂಥದ್ದು, ಒಳಗೆ ಆರು ಜಾಳಿಗೆ ತಟ್ಟೆ, ಹಿಂದೆ ಬಿಸಿಗಾಳಿ ಊದುವ ಪಂಖಾ. ಇನ್ನೊಂದು ಪುಟ್ಟದು, ಪ್ಯಾಕೆಟ್ಟಿನೊಳಗಿನ ಗಾಳಿ ಗುರ್‌ ಅಂತ ಎಳೆದು ಬಾಯಿ ಅಂಟಿಸುವುದು. ಎದುರು ಮನೆಯ ಶಾಂತಕ್ಕ ಕಟ್ಟೆಯ ಮೇಲೆ ಕೂತು ಹೇಳಿದಳು, "ಅಣ್ಣಿಗೇರಿ ಬಿಸಲಿಗೆ ಕರೆಂಟ್ ಬಿಲ್ಲು ಕಟ್ಟೂ ಹೆಣಮಗಳು ಈಕೀನ ಮೊದಲು ನೋಡ."

ತಪ್ಪೇನೂ ಅಲ್ಲ. ನಮ್ಮ ಅತ್ತೆ ಬದನೆಕಾಯಿ, ಹೀರೇಕಾಯಿ ಹೆಚ್ಚಿ ಮಾಳಿಗೆಯ ಮೇಲೆ ಹರವುತ್ತಿದ್ದರು. ಆಪಾನ ತಾಯಿ ಬಕ್ರೀದ್ ಹಬ್ಬದ ಮಾಂಸವನ್ನು ದಾರಕ್ಕೆ ಪೋಣಿಸಿ ಒಣಗಿಸುತ್ತಿದ್ದರು. ಎರಡಕ್ಕೂ ಬಿಸಿಲು ಒಂದೇ. ಆದರೆ ಆಪಾನ ಉತ್ತರ ಸಿದ್ಧವಿತ್ತು. "ಬಿಸಲಿಗೆ ಇಟ್ರ ಧೂಳ ಬೀಳತೈತಿ, ಮಂಗ್ಯಾ ಬರತೈತಿ, ಶಾಂತವ್ವಾ, ನಿನ್ನ ಮಾತೂ ಬೀಳತಾವ. ಈ ಡಬ್ಬಿ ಒಳಗ ಯಾವದೂ ಬೀಳಂಗಿಲ್ಲ."

ಶಾಂತಕ್ಕನೂ ನಕ್ಕಳು. ಅವರಿಬ್ಬರ ಜಗಳ ಯಾವಾಗಲೂ ಹಾಗೆಯೇ, ಮುಗಿದ ಮೇಲೆ ಇಬ್ಬರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಆಪಾ ಅಡುಗೆಯನ್ನೂ ಪರೀಕ್ಷೆಗೆ ಕೂಡಿಸಿದರು. ಬೇಯಿಸಿದ ಹೆಸರುಕಾಳಿನ ಪಲ್ಲೆ, ಚವಳಿಕಾಯಿ, ಮೆಂತ್ಯ, ಖೀಮಾ, ಒಂದೊಂದನ್ನೂ ತೆಳ್ಳಗೆ ಹರವಿ, ಬೆರಳಿನಲ್ಲಿ ಮುರಿದರೆ ಟಕ್ ಅನ್ನುವ ತನಕ ಒಣಗಿಸುತ್ತಿದ್ದರು. ತಿಂಗಳಾದ ಮೇಲೆ ಪ್ಯಾಕೆಟ್ ಒಡೆದು, ಬಿಸಿನೀರು ಹಾಕಿ, ರುಚಿ ನೋಡಿ, ಪಟ್ಟಿಯ ಮೇಲೆ ಕೆಂಪು ಪೆನ್ನಿನಿಂದ "ಪಾಸ್" ಅಥವಾ "ನಪಾಸ್" ಬರೆಯುತ್ತಿದ್ದರು. ಎಣ್ಣೆಗಾಯಿ ನಪಾಸಾಯಿತು. ಒಡೆದ ಕೂಡಲೇ ಕಮಟು ವಾಸನೆ. ಆಪಾ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಪಾಠ ಹೇಳಿದರು, "ನೀರ ಒಣಗತೈತಿ, ಎಣ್ಣಿ ಒಣಗಂಗಿಲ್ಲ. ನನ್ನ ತಪ್ಪು, ಬದ್ನಿಕಾಯಿದಲ್ಲ."

ಸಸ್ಯಾಹಾರಿಯಾದ ನನಗೆಂದು ಒಂದು ತಟ್ಟೆಯ ಹಿಡಿಗೆ ಹಸಿರು ದಾರ ಕಟ್ಟಿ, ಮಾಂಸ ಸೋಕಿಸದೆ ಇಟ್ಟಿದ್ದರು. ನಾನು ಕೇಳಿರಲಿಲ್ಲ. ಅವರೂ ಹೇಳಲಿಲ್ಲ. ಒಂದು ದಿನ ನಾನೇ ಕಂಡು ಕೇಳಿದಾಗ "ಅದು ನಿಂದು" ಅಂದರು, ಅಷ್ಟೇ.

ದೊಡ್ಡ ಪೆಟ್ಟು ಬಿದ್ದದ್ದು ರೊಟ್ಟಿಯಿಂದ. ಕಡಕ್ ರೊಟ್ಟಿಗೆ ಮಶೀನು ಬೇಕಿಲ್ಲ, ನಮ್ಮ ಕಡೆ ಅದು ಬುಟ್ಟಿಯಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಆದರೆ ಬೆಟ್ಟದ ಮೇಲೆ ಮಂಜು, ಮಳೆ. ಮೆತ್ತಗಾದರೆ ಬೂಸರು ಹಿಡಿಯುತ್ತದೆ ಎಂದು ಆಪಾ ಅದನ್ನೂ ಗಾಳಿ ತೆಗೆದು ಮುಚ್ಚಲು ಹೊರಟರು. ಅತ್ತಿಗೆಯ ಜೊತೆ ಕೂತು ಹಪ್ಪಳದಂಥ ಮೂವತ್ತು ರೊಟ್ಟಿ ಬಡಿದು, ಮುತ್ತುಗದ ಎಲೆಯಷ್ಟೇ ಸಣ್ಣ ಮಾಡಿ, ಐದೈದರಂತೆ ಪ್ಯಾಕೆಟ್ಟಿಗೆ ಹಾಕಿದರು. ನೋಡಲು ಶಾಂತಕ್ಕನೂ ಬಂದಿದ್ದಳು, ನಾನೂ ಇದ್ದೆ. ಮಶೀನು ಗುರ್‌ ಅಂದಿತು. ಪ್ಲಾಸ್ಟಿಕ್ ರೊಟ್ಟಿಯನ್ನು ಅಪ್ಪಿಕೊಂಡಿತು, ಇನ್ನೂ ಬಿಗಿಯಾಗಿ ಅಪ್ಪಿಕೊಂಡಿತು, ಆಮೇಲೆ ಒಳಗಿಂದ ಒಣಗಿದ ಜೋಳದ ದಂಟು ತುಳಿದಂಥ ಸಪ್ಪಳ. ಐದೂ ರೊಟ್ಟಿ ಪುಡಿ.

ಮನುಷ್ಯರು ಒಂದು ಸಲಕ್ಕೆ ಒಪ್ಪಿಕೊಳ್ಳುವುದಿಲ್ಲ. ಆಪಾ ಎರಡನೆಯ ಪ್ಯಾಕೆಟ್ ಇಟ್ಟರು, ಮೂರನೆಯದನ್ನೂ ಇಟ್ಟರು. ಶಾಂತಕ್ಕ, "ರೊಟ್ಟಿ ಬಡಿಯೂ ಮಶೀನ್ ಕೇಳಿದ್ದೆ, ಕುಟ್ಟೂ ಮಶೀನ್ ಇವತ್ತ ನೋಡಿದೆ" ಅಂತ ಸೆರಗು ಬಾಯಿಗಿಟ್ಟುಕೊಂಡು ಹೋದಳು. ಬಾಗಿಲಲ್ಲಿ ನಿಂತಿದ್ದ ಸಾಹೇಬರು ಒಂದು ಪ್ಯಾಕೆಟ್ ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಅಂಗಡಿಗೆ ಹೋದರು. ಶಾಂತಕ್ಕನ ಮಾತಿಗಿಂತ ಅದೇ ಆಪಾಗೆ ಹೆಚ್ಚು ನೋವಾಯಿತು. ರೊಟ್ಟಿ ಇಲ್ಲವೆಂದರೆ ಸಕ್ಕರೆ ಕಾಯಿಲೆಗೆ ಬೆಟ್ಟದಲ್ಲಿ ಬೇರೆ ಊಟವಿಲ್ಲ. ಬೇರೆ ಊಟವಿಲ್ಲವೆಂದರೆ ಹೋಗುವುದಿಲ್ಲ.

ಆ ದಿನವಿಡೀ ಅವರ ಅಡುಗೆಮನೆಯಿಂದ ಸದ್ದಿರಲಿಲ್ಲ. ಮರುದಿನ ನಾನು ಪಾತ್ರೆ ತೊಳೆಯುತ್ತಿರುವಾಗ ಕಾಂಪೌಂಡ್ ಗೋಡೆಯ ಮೇಲಿಂದ ಒಂದು ಬಟ್ಟಲು ಬಂತು, ಹಿಂದೆ ಆಪಾನ ಮುಖ. "ತಿನ್ನಬೇ. ಏನಂತ ಕೇಳಬ್ಯಾಡ, ಮೊದಲು ತಿನ್ನು."

ಮುಟಗಿ. ರೊಟ್ಟಿ ಪುಡಿ ಮಾಡಿ, ಬಳ್ಳೊಳ್ಳಿ ಖಾರ ಹಾಕಿ ಮುದ್ದಿ ಕಟ್ಟಿ ತಿನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆಪಾ ಮಾಡಿದ್ದಿಷ್ಟು, ಪುಡಿಯಾದ ರೊಟ್ಟಿಗೆ ಒಣಗಿಸಿದ ಮೆಂತ್ಯವನ್ನೂ ಬಳ್ಳೊಳ್ಳಿ ಖಾರವನ್ನೂ ಕಲಸಿ, ಕುದಿಯುವ ನೀರು ಸುರಿದು, ಐದು ನಿಮಿಷ ಮುಚ್ಚಿಟ್ಟಿದ್ದರು. "ಮಶೀನ್ ನನಗಿಂತ ಶಾಣ್ಯಾ ಐತಿ. ನಾ ಮುರಿಯೂದು ತಾನ ಮುರದು ಕೊಟ್ಟತು. ಜಾಗಾನೂ ಉಳೀತು." ಕೆಂಪು ಪೆನ್ನು ಆಗಲೇ ಕಿವಿಯ ಹಿಂದೆ ಇತ್ತು.

ಆದರೂ ಸಾಹೇಬರು ಒಪ್ಪಲಿಲ್ಲ. "ಒಂದ ದಿನ ತಿನ್ನೂದು ಬ್ಯಾರೆ, ಹತ್ತ ದಿನ ತಿನ್ನೂದು ಬ್ಯಾರೆ."

ಹಾಗೆ ಅಂದದ್ದೇ ತಡ, ಆಪಾ ಮಾಳಿಗೆಯ ಮೇಲೆ ಡೇರೆ ಹೊಡೆದರು. ನೀಲಿ ಡೇರೆ, ಒಬ್ಬರು ಕೂತರೆ ತಲೆ ತಾಗುವಂಥದ್ದು. ಹತ್ತು ದಿನ ಅಲ್ಲೇ ಮಲಗುವುದು, ಪ್ಯಾಕೆಟ್ಟಿನದ್ದಷ್ಟೇ ಉಣ್ಣುವುದು, ದಿನವೂ ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡು, ಬಂದ ಅಂಕಿಯನ್ನು ಕರಿಯ ನೀರಿನ ಟಾಕಿಯ ಮೇಲೆ ಸೀಮೆಸುಣ್ಣದಿಂದ ಬರೆಯುವುದು. ಮೂವತ್ತೈದು ವರ್ಷ ಹಲಗೆಯ ಮೇಲೆ ಬರೆದ ಕೈ. ಓಣಿಯ ತುದಿಗೆ ನಿಂತರೂ ಓದಬಹುದಿತ್ತು. ಹಾಲು ಹಾಕುವ ಸಿದ್ದಪ್ಪನಿಂದ ಹಿಡಿದು ಎಲ್ಲರೂ ಕತ್ತು ಎತ್ತಿ ಓದಿ ಮುಂದೆ ಹೋಗುತ್ತಿದ್ದರು. ಸಾಹೇಬರು ಮಾತ್ರ ಅಂಗಳಕ್ಕೆ ಬಂದು, ಪಾರಿವಾಳ ನೋಡುವವರ ಹಾಗೆ ಹಣೆಗೆ ಕೈ ಇಟ್ಟುಕೊಂಡು, ಟಾಕಿಯ ಕಡೆ ನೋಡುತ್ತಿದ್ದರು. ನಮ್ಮ ಓಣಿಯಲ್ಲಿ ಪಾರಿವಾಳವೇ ಇಲ್ಲ.

ಆರನೆಯ ದಿನ ಅವರ ಮನೆಗೆ ಗದಗಿನಿಂದ ಬೀಗರು ಬಂದರು. ಕೆಳಗೆ ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ. ಆ ವಾಸನೆ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ, ಗೋಡೆ ದಾಟಿ ನನ್ನ ಹಿತ್ತಲಿಗೂ ಬಂತು. ನಾನು ಅರಿವೆ ಒಣಹಾಕುತ್ತ ನಮ್ಮ ಮಾಳಿಗೆಯ ಮೇಲಿದ್ದೆ. ಸಾಹೇಬರು ಒಂದು ತಟ್ಟೆ ತುಂಬ ಬಿರಿಯಾನಿ ಹಿಡಿದು ಮೇಲೆ ಬಂದರು. ಆ ಆರು ದಿನದಲ್ಲಿ ಅವರು ಮೇಲೆ ಬಂದದ್ದು ಅದೇ ಮೊದಲು.

"ಒಂದ ತುತ್ತು ತಿನ್ನು. ಯಾರಿಗೂ ಹೇಳಂಗಿಲ್ಲ."

"ನನಗ ಗೊತ್ತಾಗತೈತಲ್ಲ ಭಾಯಿಜಾನ್."

ಸಾಹೇಬರು ತಟ್ಟೆಯನ್ನು ಟಾಕಿಯ ಮೇಲಿಟ್ಟು ಡೇರೆಯ ಬಾಯಿಯಲ್ಲಿ ನೆಲಕ್ಕೇ ಕೂತರು. ಆಪಾ ಕಾಯಿಸಿದ ನೀರು ಸುರಿದು, ಮುಚ್ಚಿಟ್ಟು, ಅರ್ಧ ಮುಟಗಿ ಅಣ್ಣನಿಗೆ ಬಡಿಸಿದರು. ಅವರು ಉಂಡರು. ನಿಧಾನವಾಗಿ, ಒಂದು ನುಚ್ಚೂ ಬಿಡದೆ ಉಂಡರು. ಕೈ ತೊಳೆದು ಏಳುವಾಗ ಹೇಳಿದರು, "ಉಪ್ಪು ಕಡಿಮಿ ಆಗೇತಿ. ಬೆಟ್ಟ ಹತ್ತೂಮುಂದ ಬೆವರತಾರ, ಸ್ವಲ್ಪ ಜಾಸ್ತಿ ಹಾಕು."

ಅದೇ ಒಪ್ಪಿಗೆ. ಆಪಾ ಆದರೂ ಹತ್ತನೆಯ ದಿನದ ತನಕ ಕೆಳಗಿಳಿಯಲಿಲ್ಲ.

ಆ ವರ್ಷ ಹೋದರು. ಮುಖದ ಸಿಪ್ಪೆ ಸುಲಿದುಕೊಂಡು, ಕಾಲಿಗೆ ಗುಳ್ಳೆ ಎಬ್ಬಿಸಿಕೊಂಡು, ಕಣ್ಣು ಹೊಳೆಯಿಸುತ್ತ ಬಂದರು. ಮರುವರ್ಷವೂ ಹೋದರು, ಅದರ ಮರುವರ್ಷವೂ. ಪ್ರತಿ ಸಲವೂ ನನ್ನನ್ನು ಕರೆದರು. ಪ್ರತಿ ಸಲವೂ ನನ್ನ ಹತ್ತಿರ ಕಾರಣವಿತ್ತು. ಅತ್ತೆಯ ಮೊಣಕಾಲು, ಮಗಳ ಪರೀಕ್ಷೆ, ಇವರಿಗೆ ಹೊರಗಿನ ಊಟ ಆಗುವುದಿಲ್ಲ. ನಾನು ಕಲಿತದ್ದು ಧಾರವಾಡದ ಕಾನ್ವೆಂಟಿನಲ್ಲಿ. ಕೈ ಎತ್ತಿ, ಸಿಸ್ಟರ್ ನೋಡಿ ಹ್ಞೂಂ ಅಂದ ಮೇಲೇ ಮಾತಾಡಬೇಕು. ಒಮ್ಮೆ ಆಪಾಗೆ ಇದನ್ನು ಹೇಳಿದೆ. ಅವರು ನಗಲಿಲ್ಲ.

"ಇನ್ನೂ ಎತ್ತೇ ಕುಂತೀಯಲ್ಲಬೇ. ಕೈ ಇಳಸು. ಟೀಚರು ರಿಟಾಯರ್ ಆಗಿ ಮನಿಗೆ ಹೋಗ್ಯಾಳ."

ನಾನು ಕಡೆಯ ಸಲ ಅವರನ್ನು ಕಂಡದ್ದು ನಿಶ್ಚಿತಾರ್ಥದ ಹಿಂದಿನ ದಿನ, ಅದೇ ಗೋಡೆಯ ಹತ್ತಿರ. ಈ ಪ್ಯಾಕೆಟ್ ಕೊಟ್ಟರು. ಅವರ ಪ್ಯಾಕೆಟ್ಟುಗಳ ಮೇಲೆಲ್ಲ "ಒಬ್ಬಾಕಿಗೆ" ಅಂತ ಬರೆದಿರುತ್ತಿತ್ತು. ಇದರ ಮೇಲೆ "ಇಬ್ಬರಿಗೆ". ನಾನು ಓದಿ, "ಆಪಾ, ಈ ಸಲಾನೂ ಆಗೂದಿಲ್ಲ ಅನಸ್ತದ" ಅಂದೆ.

"ಆಗದಿದ್ರ ಬಿಡು, ಇಟ್ಟಿರು. ಅದೇನ ಕೆಡಂಗಿಲ್ಲ."

ಇವರು ಕಂಡು ಏನೆಂದು ಕೇಳಿಯಾರೆಂದು ಹಪ್ಪಳದ ಡಬ್ಬಿಯ ಹಿಂದೆ ಇಟ್ಟೆ. ಎರಡು ದಿನ ಕಳೆದ ಮೇಲೆ ಮಣ್ಣಿಗೆ ಹೋದವರ ಹಿಂದೆ ಬಾಗಿಲ ತನಕ ಹೋಗಿ ನಿಂತೆ. ಪ್ಯಾಕೆಟ್ ಮರೆತೇಹೋಯಿತು. ಮರೆತೆ ಅನ್ನುವುದೂ ಸುಳ್ಳು. ಆ ಕಡೆ ಕೈ ಹಾಕಲಿಲ್ಲ.

ಇವತ್ತು ಹಾಕಿದೆ. ಒಡೆಯಲಿಲ್ಲ. ಅಡುಗೆಮನೆಯಲ್ಲಿ ಕೂತು ಒಡೆಯುವ ಪ್ಯಾಕೆಟ್ ಅದಲ್ಲ. ಸೀರೆಯ ನೆರಿಗೆ ಸರಿ ಮಾಡಿಕೊಂಡು ಬಾಜೂ ಮನೆಗೆ ಹೋದೆ. ಸಾಹೇಬರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. "ಆಪಾನ ಮಶೀನ್ ಬೇಕಾಗಿತ್ತು" ಅಂದೆ. ಕೊಡುತ್ತೀರಾ ಅಂತ ಕೇಳಲಿಲ್ಲ. ಅವರು ಕನ್ನಡಕ ತೆಗೆದು, ಒಳಗೆ ಹೋಗಿ, ಎರಡೂ ಮಶೀನು ತಾವೇ ಹೊತ್ತು ತಂದರು.

"ಒಂದ ತಟ್ಟಿ ಒಡದೈತಿ ವೈನಿ, ಐದ ಅದಾವ. ಹಸರ ದಾರದ್ದು ಚಲೋ ಐತಿ. ಅದು ನಿಮ್ಮದಂತ ಗೊತ್ತೈತಿ ನನಗ."

ಮಧ್ಯಾಹ್ನ ಊಟಕ್ಕೆ ಬಂದ ಇವರು ಕಟ್ಟೆಯ ಮೇಲಿನ ಟ್ರಂಕಿನಂಥದ್ದನ್ನು ನೋಡಿದರು. "ಏನಿದು?" ಅಂದರು. "ಚಾರಣಕ್ಕ ಹೊಂಟೀನಿ. ಹತ್ತ ದಿನ" ಅಂದೆ. ಹೇಳುವಾಗ ನನ್ನ ಕೈ ಎರಡೂ ಮಡಿಲಲ್ಲಿದ್ದವು, ನಾನೇ ನೋಡಿಕೊಂಡೆ. ಇವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. "ನನ್ನ ಊಟ?" ಅಂದರು. "ರೊಟ್ಟಿ ಬುಟ್ಟ್ಯಾಗ ಇರತಾವ. ಪಲ್ಲೆ ಪ್ಯಾಕೆಟ್‌ನ್ಯಾಗ ಇರತದ. ನೀರು ನೀವ ಕಾಯಿಸಿಕೊಳ್ಳಬೇಕು" ಅಂದೆ.

ಸಂಜೆಗೆ ಚವಳಿಕಾಯಿ ಸೋಸಿ, ಅರೆಬೆಂದ ಮೇಲೆ ಬಸಿದು, ತಟ್ಟೆಗೆ ಹರವಿ, ಸ್ವಿಚ್ ಒತ್ತಿದೆ. ಒಂದೂವರೆ ವರ್ಷ ಸುಮ್ಮನಿದ್ದ ಪಂಖಾ ಒಮ್ಮೆ ಕೆಮ್ಮಿ ತಿರುಗತೊಡಗಿತು. ಸಪ್ಪಳ ಕಿಟಕಿ ದಾಟಿ ಓಣಿಗೆ ಹೋಯಿತು. ಎದುರು ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ ಕೂತಿದ್ದ ಶಾಂತಕ್ಕ ತಲೆ ಎತ್ತಿ ಕೇಳಿಸಿಕೊಂಡಳು, ಮತ್ತೆ ತಲೆ ತಗ್ಗಿಸಿ ಇನ್ನೊಂದು ಕಟ್ಟು ಬಿಚ್ಚುತ್ತ ಕೂಗಿ ಹೇಳಿದಳು.

"ಹೋಗೂಮುಂದ ಸಿದ್ದಪ್ಪಗ ಹೇಳಿ ಹೋಗ್ರಿ ವೈನಿ, ಆ ಹತ್ತ ದಿನದ್ದು ನಿಮ್ಮ ಹಾಲು ನಾ ತಗೊಂಡು, ಕಾಯಿಸಿ ನಿಮ್ಮ ಮನಿಗೆ ಕೊಡತೀನಿ."