ಬೆಳಕು ತೂರದ ಕಬ್ಬಿಣ

ಪ್ರತಿ ತಿಂಗಳ ಮೊದಲನೆಯ ಭಾನುವಾರ ನನ್ನ ಹತಾರಗಳ ಪೆಟ್ಟಿಗೆಯನ್ನು ಖಾಲಿ ಮಾಡಿ, ಒರೆಸಿ, ಎಣ್ಣೆ ಸವರಿ, ಮತ್ತೆ ಜೋಡಿಸುತ್ತೇನೆ. ದುಡಿಮೆ ನಿಲ್ಲಿಸಿ ವರ್ಷಗಳಾದರೂ ಈ ಕ್ರಮ ನಿಂತಿಲ್ಲ. ಪೆಟ್ಟಿಗೆಯ ತಳದಲ್ಲೊಂದು ಬಟ್ಟೆಯ ಗಂಟಿದೆ. ಅದನ್ನು ಬಿಚ್ಚದೆ ಎತ್ತಿ, ಬಿಚ್ಚದೆ ಇಡುವುದು ರೂಢಿ. ಈ ಸಲ ಗಂಟು ಸಡಿಲವಾಗಿತ್ತು. ಬಿಚ್ಚಿದೆ. ಎಣ್ಣೆ, ಸೀಮೆಸುಣ್ಣ ಬೆರೆತ ಹಳೆಯ ವಾಸನೆ ಬಂತು. ಒಳಗಿದ್ದದ್ದು ಮುಷ್ಟಿಯೊಳಗೆ ಹಿಡಿಸುವ ಚೌಕನೆಯ ಕಬ್ಬಿಣದ ತುಂಡು. ಅದರ ಜೊತೆಗೆ ನೆನಪಾದದ್ದು ಬೇರಿಕೆಯ ಲೇತ್ ಮಾಮ...

ಆಗ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿದ್ದೆ. ಎಂಟು ವರ್ಷ ಒಂದೇ ಜಾಗದಲ್ಲಿ ನಿಂತು, ಅಚ್ಚಿನಲ್ಲಿ ಕೂರಿಸಿದ ಒಂದೇ ಬಗೆಯ ಭಾಗಕ್ಕೆ ನಾಲ್ಕು ಬೋಲ್ಟು ಬಿಗಿಯುವುದು ನನ್ನ ಕೆಲಸ. ಗುರುತಿನ ಚೀಟಿಯಲ್ಲಿ ಫಿಟ್ಟರ್ ಎಂದು ಬರೆದಿತ್ತು. ನಾನೂ ಹಾಗೆಂದೇ ನಂಬಿದ್ದೆ. ನಮ್ಮ ಲೈನನ್ನು ಮುಚ್ಚುತ್ತಾರೆಂಬ ಮಾತು ಹಬ್ಬಿದಾಗ, ಎರಡು ಮಕ್ಕಳ ತಂದೆಯಾದ ನಾನು ಮಸ್ಕತ್‌ಗೆ ಹೋಗುವುದೆಂದು ನಿಶ್ಚಯಿಸಿದೆ. ಪಾಸ್‌ಪೋರ್ಟ್ ಮಾಡಿಸಿದೆ. ಏಜೆಂಟನ್ನು ಹಿಡಿದೆ. ಎರಡು ತಿಂಗಳ ನಂತರ ಚೆನ್ನೈಯಲ್ಲಿ ಕೈಕೆಲಸದ ಪರೀಕ್ಷೆ. ಅದರಲ್ಲಿ ಗೆದ್ದರೆ ವೀಸಾ. ಸೋತರೆ, ಮುಚ್ಚಲಿರುವ ಲೈನು.

ಹೋಗುವ ಮೊದಲು ಅಲ್ಲಿದ್ದು ಬಂದವರನ್ನು ಕೇಳುವುದು ಒಳ್ಳೆಯದೆಂದು ಹೊಸೂರಿನ ಹತ್ತಿರದ ಊರು ಬೇರಿಕೆಗೆ ಹೋದೆ. ಅಲ್ಲಿ ಬಸ್ ನಿಲ್ದಾಣದ ಹಿಂದೆ ಲೇತ್ ಇಟ್ಟುಕೊಂಡು ಪಂಪು, ನೇಗಿಲು, ಟ್ರಾಕ್ಟರ್ ಭಾಗಗಳನ್ನು ರಿಪೇರಿ ಮಾಡುತ್ತಿದ್ದವರನ್ನು ಎಲ್ಲರೂ ಲೇತ್ ಮಾಮ ಎನ್ನುತ್ತಿದ್ದರು. ಹಿಂದೆ ಗಲ್ಫ್‌ಗೆ ಹೋಗಿ, ಹವಾ ಒಗ್ಗದೆ ವರ್ಷದೊಳಗೆ ವಾಪಸ್ ಬಂದವರು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ನನ್ನ ಬಯೋಡಾಟಾವನ್ನು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಅದರಲ್ಲಿ ಪೈಪು, ಬಾಯ್ಲರ್, ಪಂಪು ಎಲ್ಲವೂ ಇದ್ದವು.

"ಇದೆಲ್ಲ ನೀನೇ ಮಾಡಿದ್ದೇನ್ಲಾ?"

"ಹಂಗೇ ಬರೀಬೇಕು ಅಂತ ಏಜೆಂಟು ಅಂದ, ಮಾಮ."

"ಹಂಗಾರೆ ಕೃಷ್ಣಗಿರಿ ಡ್ಯಾಮೂ ನಾನೇ ಕಟ್ಟಿದ್ದು ಅಂತ ಸೇರಿಸ್ಬುಡು."

ಪೆನ್ಸಿಲ್ ತೆಗೆದು ಒಂದೊಂದೇ ಸಾಲು ತೋರಿಸಿ, ಮಾಡಿದ್ದೀಯಾ ಎಂದು ಕೇಳಿದರು. ಇಲ್ಲ ಅಂದದ್ದಕ್ಕೆಲ್ಲ ಗೀಟು ಎಳೆದರು. ಕೊನೆಗೆ ಎರಡು ಸಾಲು ಉಳಿದವು. ಆಮೇಲೆ ಮೇಜಿನ ಇಕ್ಕಳದಂಥ ವೈಸ್‌ಗೆ ಒಂದು ಕಬ್ಬಿಣದ ತುಂಡು ಬಿಗಿದು, ಕೈಗೆ ಕಬ್ಬಿಣ ಉಜ್ಜುವ ಅರ ಕೊಟ್ಟು, ಒಂದು ಮುಖವನ್ನು ಸಮ ಮಾಡು ಎಂದರು. ಅರ್ಧ ಗಂಟೆ ಉಜ್ಜಿದೆ. ಅಂಗಿ ಒದ್ದೆಯಾಯಿತು. ಅವರು ತುಂಡನ್ನು ಬೆರಳಲ್ಲಿ ಸವರಿ ನೋಡಿ, "ನಾನು ಕೇಳಿದ್ದು ಸಮತಟ್ಟು. ನೀನು ಮುದ್ದೆ ಕಟ್ಟಿದೀಯ," ಎಂದರು.

ಮರುದಿನದಿಂದ ನನ್ನ ದಿನಚರಿ ಬದಲಾಯಿತು. ಮೊದಲ ಪಾಳಿ ಮುಗಿಸಿ ಬಸ್ ಹತ್ತುವುದು. ನಾಲ್ಕಕ್ಕೆ ಅರ ಹಿಡಿಯುವುದು, ಆರಕ್ಕೆ ಕೆಳಗಿಡುವುದು. ಅರದ ಹಲ್ಲಿಗೆ ಮೊದಲು ಸೀಮೆಸುಣ್ಣ ಉಜ್ಜಬೇಕು, ಆಗ ಕಬ್ಬಿಣದ ಪುಡಿ ಕಚ್ಚಿಕೊಳ್ಳುವುದಿಲ್ಲ. ಪುಡಿಯನ್ನು ಬಾಯಲ್ಲಿ ಊದಕೂಡದು. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ಸಂಜೆ ಅವರು ತುಂಡಿನ ಮೇಲೆ ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಇಟ್ಟು, ಬಾಗಿಲ ಬಳಿ ಪಡುವಣ ಬಿಸಿಲಿಗೆ ಹಿಡಿಯುತ್ತಿದ್ದರು. ಕಬ್ಬಿಣಕ್ಕೂ ಮೂಲೆಮಟ್ಟಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಕೆಲಸ ಕೆಟ್ಟ ಹಾಗೆ.

"ಬೆಳಕು ಬತ್ತಾ ಐತೆ," ಎನ್ನುತ್ತಿದ್ದರು. ಬೈಗುಳವಿಲ್ಲ, ಸಮಾಧಾನವೂ ಇಲ್ಲ. ಐದು ವಾರ ನಾನು ಕೇಳಿದ್ದು ಹೆಚ್ಚುಕಡಿಮೆ ಇದೊಂದೇ ಮಾತು. ತುಂಡುಗಳು ಸವೆದು ಸಣ್ಣದಾಗುತ್ತಿದ್ದವು. ಟೀ ತರುತ್ತಿದ್ದ ಅತ್ತೆ, ಅಂದರೆ ಅವರ ಹೆಂಡತಿ, ಒಮ್ಮೆ ವೈಸ್ ಕಡೆ ಇಣುಕಿ, "ಎರಡು ತುಂಡು ತಿಂದವ್ನೆ, ಇನ್ನೂ ಹೊಟ್ಟೆ ತುಂಬಿಲ್ವಾ ಅಂತ ಕೇಳಿ ಇವ್ನಾ," ಎಂದು ನಕ್ಕರು.

ಆರನೆಯ ವಾರ ನನಗೆ ಸಾಕಾಯಿತು. ಅರವನ್ನು ಕೆಳಗಿಟ್ಟು, ಕೈಕೆಲಸ ಹೆಸರಿಗೆ ಮಾತ್ರವಂತೆ, ಅವರು ಕೇಳುವ ಪ್ರಶ್ನೆಗಳಿಗೆ ಏಜೆಂಟು ಉತ್ತರಗಳನ್ನು ಬರೆದು ಕೊಡುತ್ತಾನೆ, ಬಾಯಿಪಾಠ ಮಾಡಿದರೆ ಸಾಕಂತೆ ಎಂದೆ. ಅವರು ಲೇತ್ ನಿಲ್ಲಿಸಿದರು. ಅತ್ತೆ ಒಳಗಿರುವುದನ್ನು ನೋಡಿಕೊಂಡರು.

"ನಂಗೂ ಬರ್ದು ಕೊಟ್ಟಿದ್ರು. ಎಲ್ಲಾ ಸರಿಯಾಗೇ ಒಪ್ಪಿಸ್ದೆ. ಅಲ್ಲಿಗೋದ್ಮೇಲೆ ಮೊದಲ್ನೇ ದಿನ ಅರ ಕೊಟ್ರು."

"ಆಮೇಲೆ?"

"ಆಮೇಲೆ ಪೊರಕೆ ಕೊಟ್ರು. ಏಳು ತಿಂಗ್ಳು ಷೆಡ್ ಗುಡಿಸ್ದೆ. ಹವಾ ನಂಗೇನೂ ಮಾಡ್ಲಿಲ್ಲ ಕಣ್ಲಾ."

ಲೇತ್ ಕೊಂಡದ್ದು, ಅರ ಹಿಡಿಯಲು ಕಲಿತದ್ದು, ಎಲ್ಲ ವಾಪಸ್ ಬಂದ ಮೇಲೆ. ಈ ಸಂಗತಿ ಅತ್ತೆಗೂ ಗೊತ್ತಿಲ್ಲ, ಯಾರಿಗೂ ಹೇಳಬೇಡ ಎಂದರು. ಇಲ್ಲ ಎಂದು ಮಾತು ಕೊಟ್ಟು, ನಾನು ಅರವನ್ನು ಮತ್ತೆ ಕೈಗೆತ್ತಿಕೊಂಡೆ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅವರು ಆರೂ ಮುಖಗಳನ್ನು ಬಿಸಿಲಿಗೆ ಹಿಡಿದು, ಬೆಳಕು ತೂರದ್ದನ್ನು ಕಂಡು, ತುಂಡನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಚೆನ್ನೈಯಲ್ಲಿ ಪರೀಕ್ಷಕರು ನನ್ನ ಎರಡು ಸಾಲಿನ ಬಯೋಡಾಟಾ ತಿರುವಿ, ಇಷ್ಟೇನಾ ಎಂದು ತಮಿಳಿನಲ್ಲಿ ಕೇಳಿದರು. ಇಷ್ಟೇ ಸಾರ್ ಎಂದೆ. ಕಬ್ಬಿಣವನ್ನೂ ಅರವನ್ನೂ ಕೊಟ್ಟರು. ಜೇಬಿನಿಂದ ಸೀಮೆಸುಣ್ಣ ತೆಗೆದು ಅರಕ್ಕೆ ಉಜ್ಜುವುದನ್ನು ಅವರು ನಿಂತು ನೋಡಿದರು. ಎರಡು ಗಂಟೆ ಕಳೆದ ಮೇಲೆ ತುಂಡನ್ನು ಕಿಟಕಿಗೆ ಹಿಡಿದು, ನನ್ನ ಹೆಸರಿನ ಮುಂದೆ ಗುರುತು ಹಾಕಿದರು.

ಹೊರಡುವ ಮುನ್ನ ಬೇರಿಕೆಗೆ ಹೋದಾಗ ಮಾಮ ಹೇಳಿದ್ದು ಇಷ್ಟೇ: "ಅಲ್ಲಿಗೆ ಯಾರಾನಾ ನನ್ನಂಗೆ ಬಂದ್ರೆ, ಪೊರಕೆ ಕೊಡಾಕ್ ಮುಂಚೆ ಅರ ಹಿಡಿಯೋದು ಕಲ್ಸು."

ಮಸ್ಕತ್‌ನಲ್ಲಿ ನನ್ನ ಎರಡನೆಯ ವರ್ಷ ಅಂಥವನೊಬ್ಬ ಬಂದ. ಬೇರೆ ದೇಶದವನು, ಭಾಷೆ ಕೂಡುತ್ತಿರಲಿಲ್ಲ. ಸಂಜೆ ಎರಡು ಗಂಟೆಯಂತೆ ಅವನ ಕೈಗೆ ಅರ ಕೊಟ್ಟು ನಿಲ್ಲಿಸಿಕೊಂಡೆ. ಅವನು ಗುಡಿಸಲಿಲ್ಲ, ಫಿಟ್ಟರ್ ಆದ. ಮನೆಗೆ ಪ್ರತಿ ಶುಕ್ರವಾರ ಕಾಗದ ಬರೆಯುತ್ತಿದ್ದ ನಾನು ಮಾಮನಿಗೆ ಇದನ್ನು ಬರೆಯಲಿಲ್ಲ. ಎದುರಿಗೆ ಕೂತು ಹೇಳುವುದೆಂದು ಇಟ್ಟುಕೊಂಡೆ.

ಮೊದಲ ರಜೆಗೆ ಬರುವಾಗ ವಿಮಾನದಲ್ಲೇ ಪಟ್ಟಿ ಮಾಡಿದ್ದೆ. ಮಕ್ಕಳ ಶಾಲೆ, ಬ್ಯಾಂಕು, ಮನೆಯ ಸೂರು, ನೆಂಟರ ಮನೆಗಳು. ಅವಸರವಿಲ್ಲದೆ ಕೂರಬಹುದೆಂದು ಬೇರಿಕೆಯನ್ನು ಕೊನೆಗೆ ಬರೆದೆ. ಪಟ್ಟಿಯ ಪ್ರಕಾರವೇ ಎಲ್ಲ ನಡೆಯಿತು. ಇಪ್ಪತ್ತಾರನೆಯ ದಿನ ಖರ್ಜೂರದ ಡಬ್ಬಿ ಹಿಡಿದು ಹೋದರೆ ಅಂಗಡಿಯ ಬಾಗಿಲು ಎಳೆದಿತ್ತು. ಮಾಮ ತೀರಿಕೊಂಡು ಹತ್ತು ದಿನವಾಗಿತ್ತು. ಅಂದರೆ ನಾನು ಹೊಸೂರಿಗೆ ಬಂದು ಇಳಿದಾಗ ಅವರಿದ್ದರು. ಮುಂದಿನ ಹದಿನೈದು ದಿನವೂ ಇದ್ದರು...

"ಅವ್ನಿಗೆ ಏನ್ ಕೆಲ್ಸ ಕೊಟ್ಟವ್ರೋ ಏನೋ ಅಂತ ದಿನಾ ಅಂತಿದ್ರು," ಎಂದರು ಅತ್ತೆ.

ಜಗಲಿಯಲ್ಲಿ ಕೂತಿದ್ದ ಪಕ್ಕದ ಮನೆಯ ಹಿರಿಯರು, ಅಲ್ಲಿನ ಹವಾ ಒಗ್ಗಿದ್ದರೆ ಅವರೂ ಇವನ ಹಾಗೆ ಮುಂದೆ ಬರುತ್ತಿದ್ದರು ಎಂದು ನನ್ನತ್ತ ತಿರುಗಿದರು. ಅತ್ತೆಯೂ ನನ್ನ ಮುಖ ನೋಡಿದರು.

"ಹೌದು, ಅಲ್ಲಿ ಬಿಸಿಲು ಜಾಸ್ತಿ. ಎಲ್ರಿಗೂ ಒಗ್ಗಲ್ಲ," ಎಂದೆ.

ಈಗ ಅತ್ತೆಯೂ ಇಲ್ಲ. ಆದರೂ ಮಾಮನಿಗೆ ಕೊಟ್ಟ ಮಾತಿದೆ; ಅದಕ್ಕೇ ಇಲ್ಲಿ ಅವರ ಹೆಸರು ಬರೆದಿಲ್ಲ.

ಈ ಭಾನುವಾರ ಮೂಲೆಮಟ್ಟ ತೆಗೆದು ತುಂಡನ್ನು ಕಿಟಕಿಗೆ ಹಿಡಿದೆ. ಐದು ಮುಖ ಇನ್ನೂ ಸರಿಯಾಗಿವೆ. ಆರನೆಯದನ್ನು ತುಕ್ಕು ತಿಂದಿದೆ, ಸಣ್ಣ ಗೆರೆಯಂತೆ ಬೆಳಕು ತೂರುತ್ತದೆ. ಹೇಳುವವರು ಯಾರೂ ಇರಲಿಲ್ಲ. ಬೆಳಕು ಬತ್ತಾ ಐತೆ ಎಂದು ನಾನೇ ಅಂದುಕೊಂಡು, ಎಣ್ಣೆ ಸವರಿ, ಗಂಟು ಕಟ್ಟಿ, ಪೆಟ್ಟಿಗೆಯ ತಳದಲ್ಲಿಟ್ಟೆ.